ನಾಲ್ಕನೇ ಟೇಬಲ್ಲಿನ ಅಜ್ಜಿಯ ಕೈ

ನಾನು ಕುತುಬುದ್ದೀನ. ಮುಂಬಯಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ, ಹೆಣ ಕೊಯ್ದು ಕಲಿಯುವ ಹಾಲ್‌ನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದೆ. ಮೊದಲ ವರ್ಷದ ಮಕ್ಕಳು ಚಾಕು ಹಿಡಿಯುವ ಮುನ್ನ, ದೇಹದಾನ ಮಾಡಿದವರ ಕೈ ಹಿಡಿಸಿ ಸಲಾಂ ಹೇಳಿಸುತ್ತಿದ್ದೆ. ಅಷ್ಟಕ್ಕೇ ಅರ್ಧ ಅಂಜಿಕೆ ಇಳಿಯುತ್ತಿತ್ತು. ಆ ಮಕ್ಕಳನ್ನು ನೆನೆದರೆ ಈಗ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆಯೂ ಹಿತವೆನಿಸುತ್ತದೆ.

ಏಳು ವರ್ಷದ ಹಿಂದೆ ವಡಾಲದಿಂದ ಧಾತ್ರಿ ಎಂಬ ಹುಡುಗಿ ಬರುತ್ತಿದ್ದಳು. ಎರಡು ದಿನ ಹಾಲ್‌ನ ಬಾಗಿಲಲ್ಲೇ ತಲೆ ತಿರುಗಿ ಕುಸಿದಳು. ಮೂರನೆಯ ಬೆಳಿಗ್ಗೆ ಕಾಲೇಜು ಬಿಡುವ ಅರ್ಜಿ ಬರೆದುಕೊಂಡೇ ಬಂದಳು.

"ಹೋಗವ್ವಾ, ಯಾರು ಬ್ಯಾಡ ಅಂತಾರ? ಅಜ್ಜಿಗೊಂದು ಸಲಾಂ ಹೇಳಿ ಹೋಗು," ಎಂದೆ.

ಅವಳು ನಾಲ್ಕನೇ ಟೇಬಲ್ಲಿನ ಅಜ್ಜಿಯ ಕೈಯನ್ನು ಬಲಗೈಯಲ್ಲಿ ಹಿಡಿದಳು. ಬಿಡಲೇ ಇಲ್ಲ.

"ಚಾಚಾ, ಇವರ ಕೈ ಗರಮ್ ಇದೆ."

"ಏ ಹುಚ್ಚಿ, ಅಕಿ ಹೋಗಿ ಎಂಟು ತಿಂಗಳಾತು!"

ನಾನೂ ಮುಟ್ಟಿ ನೋಡಿದೆ. ಕೆಳಗಿನ ಸ್ಟೀಲಿನ ಟೇಬಲ್ಲಿನಷ್ಟೇ ತಣ್ಣಗಿತ್ತು. ಜೊತೆಯವರೂ ಮುಟ್ಟಿ, "ಡಾಕ್ಟರಿಗೇ ಜ್ವರ ಬಂದಿದೆ," ಎಂದು ಕಾಡಿಸಿದರು. ಧಾತ್ರಿ ನಗಲಿಲ್ಲ, ಆದರೆ ಅರ್ಜಿ ಹರಿದು ಹಾಕಿದಳು. ವರ್ಷವಿಡೀ ಆ ಕೈಯನ್ನು ಕೊಂಚ ಹೊತ್ತು ಹಿಡಿದೇ ಕೆಲಸ ಶುರುಮಾಡುತ್ತಿದ್ದಳು. ಅಜ್ಜಿಯನ್ನು ಮಣ್ಣಿಗೆ ಒಯ್ದ ದಿನ ಮಗಳಂತೆ ಅತ್ತಳು.

ಕಳೆದ ವಾರ ಎದೆನೋವೆಂದು ಆಸ್ಪತ್ರೆಗೆ ಹೋದರೆ ಡ್ಯೂಟಿಯಲ್ಲಿ ಅವಳೇ ಇದ್ದಳು. "ಅರೇ ಚಾಚಾ!" ಎಂದು ಓಡಿಬಂದು ಪಕ್ಕದಲ್ಲಿ ಕೂತು ನಾಡಿ ನೋಡಿದಳು. ನನ್ನ ಭುಜದ ಮೇಲಿಟ್ಟ ಅವಳ ಎಡಗೈ ಬೆಚ್ಚಗಿತ್ತು. ನಾಡಿ ಹಿಡಿದ ಬಲಗೈಯ ತಂಪು ಮಾತ್ರ ನನಗೆ ಮೂವತ್ತು ವರ್ಷದಿಂದ ಗೊತ್ತಿದ್ದ ತಂಪು.