ಉಜ್ಜಿದ ಪದಕ

ಸೋಮವಾರ ಬೆಳಗ್ಗೆ ಹತ್ತೂಕಾಲಕ್ಕೆ ಹಲ್ಲಿನ ಡಾಕ್ಟರು ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಠಾಣೆಗೆ ಬಂದರು. ಜೊತೆಗೆ ಅವರ ಷಡ್ಡಕ, ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ದುಃಖದಲ್ಲಿರುವವರ ಜೊತೆ ಬಂದವರು ಹೇಗಿರಬೇಕೋ ಹಾಗೇ ಇದ್ದರು. ಭುಜದ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ಏನು ಕಳುವಾಯ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಕಳುವಾಗಿಲ್ಲ ಸಾರ್. ಉಜ್ಜಿಬಿಟ್ಟಿದ್ದಾಳೆ, ಕೆಲಸದವಳು."

ಪೆಟ್ಟಿಗೆಯಲ್ಲಿ ಅಂಗೈಯಗಲದ ಕಂಚಿನ ಪದಕವಿತ್ತು. ಫ್ರಾನ್ಸಿನಲ್ಲಿ ಎರಕ ಹೊಯ್ದು ಇನ್ನೂರು ವರ್ಷವಾದದ್ದು. ಅದರ ಮೇಲೆ ಟೋಪಿ ತೊಟ್ಟ ಮುದುಕಿಯ ಮುಖ, ಹೊಸ ನಲ್ಲಿಯ ಹಾಗೆ ಪಳಪಳ ಹೊಳೆಯುತ್ತಿತ್ತು.

"ಚೆನ್ನಾಗೇ ಇದೆಯಲ್ಲ ಸಾರ್," ಎಂದ ಕಾನ್‌ಸ್ಟೆಬಲ್. ಅವನನ್ನು ಠಾಣೆಯಲ್ಲಿ ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು.

ಡಾಕ್ಟರು ಪೆಟ್ಟಿಗೆಯ ಮುಚ್ಚಳ ಮುಚ್ಚಿಬಿಟ್ಟರು. ಪಾಠ ಮಾಡಿದ್ದು ಮೇಷ್ಟ್ರು. ಹಳೇ ಕಂಚಿಗೆ ಕಾಲ ಹತ್ತಿಸಿದ ಕಂದು ಬಣ್ಣವೇ ಅದರ ಜೀವ. ಅದು ಹೋದರೆ ಮತ್ತೆ ಬರುವುದಿಲ್ಲ, ಸಂಗ್ರಹಕಾರರ್ಯಾರೂ ಅದನ್ನು ಮೂಸಿಯೂ ನೋಡುವುದಿಲ್ಲ.

ಸ್ವತ್ತು ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಡಾಕ್ಟರ ಮನೆಯಲ್ಲಿ ಪಂಚನಾಮೆ ಶುರುವಾಯಿತು.

ಓದುವ ಕೋಣೆಯ ಕಪಾಟಿನಲ್ಲಿ ಹಸಿರು ಬಟ್ಟೆ ಹಾಸಿದ ಖಾನೆಗಳು, ಅವುಗಳ ತುಂಬ ಕಂದು ಮುಖಗಳು. ರಾಜರು, ವೈದ್ಯರು, ನಟಿಯರು, ಯಾರದೋ ಅತ್ತೆಯಂದಿರು. ಅಷ್ಟರಲ್ಲಿ ಹಾಳಾದದ್ದು ಒಂದೇ, ಅದೂ ಎಲ್ಲಕ್ಕಿಂತ ಅಪರೂಪದ್ದು. ಕೀಲಿ ಕಪಾಟಿನ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು.

ಕೆಲಸದಾಕೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಇವತ್ತು ಏನೇನು ಉಜ್ಜಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಬಾಗಿಲಿನ ಹಿತ್ತಾಳೆ ಹಿಡಿಕೆ. ಸೋಮವಾರ ಸೋಮವಾರ ಉಜ್ಜತೀನಿ. ಈ ಕಪಾಟಿನ ತಂಟೆಗೇ ನಾನು ಬರಲ್ಲ ಸಾರ್. ನಾಲ್ಕು ಮನೆ ಕೆಲಸ ನಂದು. ಈ ಮಾತು ಹಬ್ಬಿದ್ರೆ ನಾಲ್ಕೂ ಬಾಗಿಲು ಮುಚ್ಚಿಹೋಗುತ್ವೆ."

"ಎಲ್ಲರೂ ಹೀಗೇ ಹೇಳೋದು," ಎಂದರು ಮೇಷ್ಟ್ರು, ಬಹಳ ಮೆತ್ತಗೆ.

ಇನ್‌ಸ್ಪೆಕ್ಟರ್ ಪದಕವನ್ನು ಬಟ್ಟೆಯ ಮೇಲೆ ನಿಲ್ಲಿಸಿ ನಿಧಾನಕ್ಕೆ ತಿರುಗಿಸಿದರು. ಅಂಚಿನಲ್ಲಿ ಎರಡು ಕಡೆ, ಎದುರುಬದುರಾಗಿ, ಬೆರಳಗಲದ ಕಂದು ಹಾಗೇ ಉಳಿದಿತ್ತು. ಅವರು ಖಾನೆಯಿಂದ ಇನ್ನೊಂದು ಪದಕ ತೆಗೆಸಿ, ಒಣ ಬಟ್ಟೆಯ ಜೊತೆ ಕೆಲಸದಾಕೆಗೆ ಕೊಟ್ಟರು.

"ಉಜ್ಜೋ ಹಾಗೆ ಮಾಡಿ ತೋರಿಸು. ಒತ್ತಬೇಡ."

ಆಕೆ ಅದನ್ನು ಅಂಗೈ ಮೇಲೆ ಇಟ್ಟುಕೊಂಡಳು. ಮುಖ, ಬೆನ್ನು, ಆಮೇಲೆ ಡಬ್ಬಿಯ ಮುಚ್ಚಳ ತಿರುಗಿಸಿದಂತೆ ಸುತ್ತಲಿನ ಅಂಚು, ಒಂದಿಂಚೂ ಬಿಡಲಿಲ್ಲ.

"ಅದನ್ನ ಒಳಗಿಡಿ ಮೇಷ್ಟ್ರೇ."

ಮೇಷ್ಟ್ರು ಹೆಬ್ಬೆರಳು, ನಡುಬೆರಳುಗಳ ನಡುವೆ, ಎದುರುಬದುರಾಗಿ, ಅಂಚನ್ನಷ್ಟೇ ಹಿಡಿದು ಎತ್ತಿದರು. ಎತ್ತಿದ ಮೇಲೆ, ಎಲ್ಲರೂ ತನ್ನ ಬೆರಳನ್ನೇ ನೋಡುತ್ತಿದ್ದಾರೆಂದು ಗೊತ್ತಾಯಿತು.

"ಡಾಕ್ಟರೂ ಹಾಗೇ ಹಿಡೀತಾರಲ್ಲ ಸಾರ್?" ಎಂದ ಉದ್ದಣ್ಣ.

"ತಮ್ಮದನ್ನ ತಾವೇ ಯಾಕೆ ಹಾಳು ಮಾಡ್ಕೋತಾರೆ? ಡಾಕ್ಟರೇ, ಇದನ್ನ ಸರಿಯಾಗಿದ್ದಾಗ ಕಡೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಊಟ ಆದ್ಮೇಲೆ. ಭಾನುವಾರ ಭಾವನವರು ಬರ್ತಾರೆ, ಇಬ್ಬರೂ ನೋಡ್ತೀವಿ. ಆಮೇಲೆ ನಾನು ಒಂದು ನಿದ್ದೆ ತೆಗೀತೀನಿ."

"ನೀವು ಮಲಗಿದಾಗ ಅವರು?"

ಡಾಕ್ಟರು ಷಡ್ಡಕನ ಮುಖ ನೋಡಿದರು. "ಇದೇ ಕೋಣೇಲಿ."

ಸಂಜೆ ಮೇಷ್ಟ್ರ ಮನೆಯಲ್ಲಿ ಶೋಧ ನಡೆಯಿತು. ಒಗೆಯುವ ಬಟ್ಟೆಯ ಬುಟ್ಟಿಯಿಂದ ಕರವಸ್ತ್ರವನ್ನು ಎತ್ತಿ ತೋರಿಸಿದ್ದು ಅವರ ಹೆಂಡತಿಯೇ. "ಇದೇನ್ರೀ, ಇದರಲ್ಲಿ ಶೂ ಒರೆಸಿದ್ರಾ?" ಅದರ ತುಂಬ ಕಂದು ಕಲೆ, ಪಾಲಿಶ್ ವಾಸನೆ. ಕರವಸ್ತ್ರ ವಶಕ್ಕೆ ಬಂತು, ಮೇಷ್ಟ್ರೂ ಬಂದರು.

"ಪಾಪದವಳ ತಲೆಗೆ ಕಟ್ಟಿದಿರಲ್ಲ?"

"ಅವಳಿಗೆ ಬೇರೆ ಮನೆ ಸಿಗುತ್ತೆ ಅಂದ್ಕೊಂಡೆ."

ಇನ್‌ಸ್ಪೆಕ್ಟರಿಗೆ ಪಿತ್ತ ನೆತ್ತಿಗೇರಿತು. ಹೇಳಿಕೆ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಆಕೆ ಕೆಲಸ ಮಾಡುವ ಮನೆಗಳಿಗೆಲ್ಲ ಮೇಷ್ಟ್ರ ಎದುರಿಗೇ ಫೋನ್ ಮಾಡಿ, ತಪ್ಪು ಅವಳದಲ್ಲ ಎಂದು ತಿಳಿಸಿದರು. ಆಮೇಲೆ ಪೆನ್ನು ಎತ್ತಿಕೊಂಡರು.

"ಅಷ್ಟು ಹೊಟ್ಟೆಕಿಚ್ಚಿದ್ರೆ ಕದೀಬಹುದಿತ್ತಲ್ಲ?"

"ಕದ್ರೆ ಊರೆಲ್ಲ ಅವನ ಮನೇಗೇ ಹೋಗಿ ಅಯ್ಯೋ ಅನ್ನುತ್ತೆ. ಪದಕ ಅವನ ಹತ್ರಾನೇ ಇರಬೇಕು, ನೋಡಿದ್ರೆ ಅವನಿಗೇ ಬೇಡ ಅನ್ನಿಸಬೇಕು." ಮೇಷ್ಟ್ರು ತಲೆ ಎತ್ತಲಿಲ್ಲ. "ಈ ಹುಚ್ಚು ಅವನಿಗೆ ಹತ್ತಿಸಿದ್ದು ನಾನು. ಕಂಚು ಯಾವುದು, ಹಿತ್ತಾಳೆ ಯಾವುದು ಗೊತ್ತಿರಲಿಲ್ಲ ಅವನಿಗೆ. ಆ ಮುದುಕೀನ ಅಂಗಡೀಲಿ ಮೊದಲು ನೋಡಿದ್ದೂ ನಾನೇ. ನಕಲಿ ಅಂತ ಬಿಟ್ಟು ಬಂದೆ. ಅವನು ಹೋಗಿ ತಂದ, ಅಸಲಿ ಅಂತ ಆಯ್ತು."

"ಆಮೇಲೆ?"

"ಆಮೇಲಿಂದ ಪ್ರತಿ ಭಾನುವಾರ ಕೈಗೆ ಕೊಟ್ಟು, ಹೇಗಿದೆ ಭಾವ ಅಂತಾನೆ. ನಾನು ಚೆನ್ನಾಗಿದೆ ಅನ್ನಬೇಕು."

ಇನ್‌ಸ್ಪೆಕ್ಟರ್ ಅದನ್ನೂ ಬರೆದುಕೊಂಡರು.

"ಸುಳ್ಳಾಗಿದ್ರೆ ಹೇಗೋ ಹೇಳ್ಕೊಂಡು ಇರ್ತಿದ್ದೆ ಸಾರ್. ನಿಜವಾಗ್ಲೂ ಚೆನ್ನಾಗಿತ್ತು."