ತಿರುಗುಮುರುಗಾದ ಹಲಗೆ

"ಹಾಕಿದ ಬೀಗ ಹಾಕಿದ ಹಾಗೇ ಇದೆ, ಒಳಗಿದ್ದದ್ದು ಮಾತ್ರ ಮಾಯ!"

ಕೆಳಮನೆಯ ಟೈಲರಮ್ಮ ಏದುಸಿರು ಬಿಡುತ್ತ ಬಂದಾಗ ಡ್ರಾಯಿಂಗ್ ಮೇಷ್ಟ್ರು ಎದುರುಮನೆಯ ಇನ್ಸ್‌ಪೆಕ್ಟರಮ್ಮನ ಜತೆ ಚದುರಂಗಕ್ಕೆ ಕೂತಿದ್ದರು. ಇಬ್ಬರೂ ನಿವೃತ್ತರು, ಇಬ್ಬರೂ ಒಂಟಿ. ಆಕೆ ಪತ್ತೆಗೆ ಹೊರಟರೆ ಮೇಷ್ಟ್ರು ಹಿಂದೆಯೇ ಹೊರಡುತ್ತಿದ್ದರು. ಒಂದು ಸಂಜೆ ಸರಿದರೆ ಅದೇ ಅವರಿಗೆ ದೊಡ್ಡದು.

ಕಳುವಾದದ್ದು ಹಳೆಯ ಟೇಪ್ ರೆಕಾರ್ಡರ್. ತೀರಿಹೋದ ಗಂಡನ ದನಿ ಉಳಿದದ್ದು ಅದೊಂದರಲ್ಲೇ. ಬಿಡಿಬಿಡಿ ಹಲಗೆಗಳಾಗಿ ಬಂದಿದ್ದ ಹೊಸ ಕಪಾಟನ್ನು ಬಡಗಿ ಹಿಂದಿನ ದಿನವಷ್ಟೇ ಜೋಡಿಸಿಕೊಟ್ಟಿದ್ದ. ಟೈಲರಮ್ಮ ಟೇಪನ್ನೂ ಚಿನ್ನದ ಬಳೆಗಳನ್ನೂ ಅದರಲ್ಲಿಟ್ಟು, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಿದ್ದಳು. ಈ ದಿನ ಅವಳು ಅಂಗಡಿಗೆ ಹೋಗಿದ್ದಾಗ ಅಡುಗೆಮನೆಯ ಷೆಲ್ಫ್ ಜೋಡಿಸಲು ಬಡಗಿ ಮತ್ತೆ ಬಂದಿದ್ದ.

"ಅವನೇ ಕದ್ದಿದ್ದು. ಪೊಲೀಸರಿಗೆ ಹೇಳ್ತೀನಿ."

"ಬಳೆ?"

"ಅದು ಅಲ್ಲೇ ಇದೆ."

ಇನ್ಸ್‌ಪೆಕ್ಟರಮ್ಮ ಚದುರಂಗ ಮಡಚಿಟ್ಟರು.

ಕೆಳಮನೆಯಲ್ಲಿ ಇದ್ದವರು ಇಬ್ಬರೇ: ಟೈಲರಮ್ಮ ಮತ್ತು ಅವಳ ನಾದಿನಿ. ಒಂದೇ ಸೂರಿನಡಿ ಇದ್ದರೂ ಬೇರೆ ಬೇರೆ ಹೊತ್ತಿಗೆ ಉಣ್ಣುವವರು. ನಾದಿನಿ ನೀರಿನ ಲೋಟಗಳನ್ನು ಬೆರಳ ತುದಿಯಲ್ಲೇ ಹಿಡಿದು ತಂದಿಟ್ಟು ಒಳಗೆ ಹೋದಳು. ಇನ್ಸ್‌ಪೆಕ್ಟರಮ್ಮ ಕಪಾಟಿನೊಳಗೆ ಟಾರ್ಚ್ ಹಿಡಿದರು. ಬೆನ್ನಹಲಗೆ ಒರಟು ಕಂದು ಬಣ್ಣದ್ದು.

"ನಿನ್ನೆಯೂ ಹೀಗೇ ಇತ್ತಾ?"

"ಇಲ್ಲ... ಬೆಳ್ಳಗಿತ್ತು," ಎಂದಳು ಟೈಲರಮ್ಮ ಗಲಿಬಿಲಿಯಿಂದ.

ಕಪಾಟಿನ ಹಿಂದೆ ಇಣುಕಿದ ಮೇಷ್ಟ್ರಿಗೆ ವಾರೆಯಾಗಿ ಕೂತ ಸ್ಕ್ರೂಗಳೂ ನೆಲದ ಮೇಲೆ ಉದುರಿದ ಮರದ ಪುಡಿಯೂ ಕಂಡವು.

ಮರುದಿನ ಎಲ್ಲರನ್ನೂ ಅದೇ ಕೋಣೆಗೆ ಕರೆಸಲಾಯಿತು. ಬಡಗಿ ಮುಖ ಬಾಡಿಸಿಕೊಂಡು ಬಾಗಿಲಲ್ಲೇ ನಿಂತ.

"ಬೀಗದ ತಂಟೆಗೆ ಯಾರೂ ಹೋಗಿಲ್ಲ, ಬೆನ್ನಹಲಗೆ ಬಿಚ್ಚಿದ್ದಾರೆ," ಎಂದರು ಇನ್ಸ್‌ಪೆಕ್ಟರಮ್ಮ. "ವಾಪಸ್ ಜೋಡಿಸೋವಾಗ ಹೊಸಬರು ಮಾಡೋ ತಪ್ಪನ್ನೆಲ್ಲ ಮಾಡಿದ್ದಾರೆ. ನುಣುಪಾದ ಬಿಳಿ ಮುಖ ಗೋಡೆಗೆ, ಒರಟು ಮುಖ ಒಳಗೆ. ಗಟ್ಟಿಯಾಗ್ಲಿ ಅಂತ ಸ್ಕ್ರೂನ ಅತಿಯಾಗಿ ಬಿಗಿದು ಹಲಗೇನೇ ಪುಡಿ ಮಾಡಿದ್ದಾರೆ. ಮೊನ್ನೆ ಸರಿಯಾಗಿ ಜೋಡಿಸಿದ ಬಡಗಿ ನಿನ್ನೆ ಹೀಗೆ ಕೆಡಿಸ್ತಾನಾ? ಅವನ ಹತ್ರ ಮೆಷಿನ್ ಇದೆ. ಇದು ಕೈಯಲ್ಲಿ ತಿರುಗಿಸಿದ್ದು, ಸ್ಕ್ರೂ ತಲೆಗಳೆಲ್ಲ ಸವೆದಿವೆ. ಅಭ್ಯಾಸ ಇಲ್ಲದ ಅಂಗೈಯಲ್ಲಿ ಬೊಬ್ಬೆ ಏಳುತ್ತೆ, ಲೋಟ ಹಿಡಿಯೋದೂ ಕಷ್ಟ. ಇನ್ನು, ಚಿನ್ನ ಬಿಟ್ಟು ದನಿ ಕದಿಯೋರು ಯಾರು? ಆ ದನಿ ಇಲ್ಲದೆ ಇರಲಾರದೋರು."

ನಾದಿನಿ ಮೆಲ್ಲಗೆ ಅಂಗೈ ಬಿಚ್ಚಿದಳು. ಒಳಗೆ ಹೋಗಿ, ಸೀರೆಯಲ್ಲಿ ಸುತ್ತಿದ್ದ ಟೇಪ್ ತಂದಿಟ್ಟಳು.

"ಒಂದ್ಸಲ ಕೇಳಿಸಿ ಅಂದೆ, ಅತ್ತಿಗೆ. ಟೇಪ್ ಸವೆದುಹೋಗುತ್ತೆ ಅಂದ್ರಿ. ನಿಮಗೆ ಗಂಡ, ನಿಜ. ನನಗೂ ಅವನು ಅಣ್ಣನೇ ಅಲ್ವಾ?"

ಟೈಲರಮ್ಮ ಮೊದಲು ಬಡಗಿಯತ್ತ ತಿರುಗಿ, "ತಪ್ಪಾಯ್ತಪ್ಪ," ಎಂದಳು. ಆಮೇಲೆ ನಾದಿನಿಯನ್ನು ಕೇಳಿದಳು: "ಕೇಳಿದ್ಯಾ?"

"ಇಲ್ಲ. ಹಾಕೋಕೆ ಧೈರ್ಯ ಬರ್ಲಿಲ್ಲ."

"ನಾನೂ ಅಷ್ಟೇ ಕಣೇ. ಇವತ್ತಿನವರೆಗೂ ಹಾಕಿಲ್ಲ."

ಇನ್ಸ್‌ಪೆಕ್ಟರಮ್ಮ ಕಣ್ಸನ್ನೆ ಮಾಡಿದರು. ಹೊರಗಿನವರೆಲ್ಲ ಸದ್ದಿಲ್ಲದೆ ಎದ್ದು ಬಂದರು. ಮೆಟ್ಟಿಲು ಹತ್ತಿ ಆಕೆ ತಮ್ಮ ಮನೆಯ ಬಾಗಿಲು ಹಾಕಿಕೊಂಡರು. ಕೆಳಗಿನಿಂದ ಗಂಡಸೊಬ್ಬ ಗಂಟಲು ಸರಿಮಾಡಿಕೊಂಡು, ನಕ್ಕು, ಏನೋ ಹೇಳತೊಡಗಿದ್ದು ಕೇಳಿಸಿತು. ಮೇಷ್ಟ್ರು ಅವನನ್ನು ಕಂಡವರೇ ಅಲ್ಲ. ಆದರೂ ಆ ದನಿ ನಿಲ್ಲುವವರೆಗೆ ಅವರು ತಮ್ಮ ಮನೆಯ ಬೀಗ ತೆಗೆಯಲಿಲ್ಲ.