ಹನ್ನೊಂದನೇ ಸರ್ವರ್

ಬೆಳಿಗ್ಗೆ ಎಂಟಕ್ಕೆ ಯಲಹಂಕದ ರಕ್ತಪರೀಕ್ಷೆ ಲ್ಯಾಬಿನಲ್ಲಿ ಒಂದು ರಿಪೋರ್ಟೂ ಪ್ರಿಂಟ್ ಆಗಲಿಲ್ಲ. ಹನ್ನೊಂದು ಶಾಖೆ, ಶಾಖೆಗೊಂದು ಸರ್ವರ್ — ಹತ್ತು ಸತ್ತಿದ್ದವು. ಅಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯದ್ದು ಮಾತ್ರ ಹಿಂದಿನ ಸಂಜೆ ಕರೆಂಟ್ ಹೋದಾಗ ಆಫಾಗಿದ್ದು ಹಾಗೇ ಇತ್ತು. ಖಾಲಿ ಹೊಟ್ಟೆಯಲ್ಲಿ ಬಂದ ಶುಗರ್ ಪೇಷೆಂಟುಗಳು ಕೌಂಟರಿನಲ್ಲಿ ಬೈಯುತ್ತಿದ್ದರು.

ಹಿರಿಯ ಸಿಸ್ಟಂ ಅಡ್ಮಿನ್ ನಾಗಲಕ್ಷ್ಮಿ ಬರುವಷ್ಟರಲ್ಲಿ ಮ್ಯಾನೇಜರ್ ಉಮೇಶ್ ತಪ್ಪಿತಸ್ಥಳನ್ನು ಹಿಡಿದಾಗಿತ್ತು. ಕಿರಿಯ ಅಡ್ಮಿನ್ ವೇದಾಳ ಮುಂದೆ ರಾಜೀನಾಮೆ ಪತ್ರ, ಪೆನ್ನು. ನಿನ್ನೆ ಕೊನೆಗೆ ಲಾಗಿನ್ ಆದವಳು ಇವಳೇ, ಪರೀಕ್ಷಿಸದ ಹೊಸ ಸಾಫ್ಟ್‌ವೇರ್ ಪ್ಯಾಕೇಜನ್ನು ಹತ್ತೂ ಸರ್ವರಿಗೆ ಕೈಯಾರೆ ಹಾಕಿದ್ದಾಳೆ ಎಂದು ಅವನ ವಾದ. ತಾನೂ ಕೇಬಲ್ ಎಳೆಯುತ್ತಲೇ ಕೆಲಸ ಕಲಿತಿದ್ದ ನಾಗಲಕ್ಷ್ಮಿಗೆ, ವಿಚಾರಿಸದೆ ಹುಡುಗಿಯನ್ನು ಹೊರಗೆ ಹಾಕುವುದು ಕಂಡು ಮೈ ಉರಿಯಿತು. ವೇದಾಳನ್ನೇ ಕೇಳಿದಳು.

"ಹಾಕಿದೆಯೇನೇ?"

"ಇಲ್ಲ ಅಕ್ಕ. ಬ್ಯಾಕಪ್ ನೋಡಿ ಮನೆಗೆ ಹೋದೆ."

ಯಾವ ಪ್ಯಾಕೇಜಿನ ಎಷ್ಟನೇ ಆವೃತ್ತಿ ಬೇಕೆಂಬುದಕ್ಕೆ ಒಂದು ಪಟ್ಟಿಯಿತ್ತು. ಆನ್ ಆಗಿರುವ ಸರ್ವರಿಗೆಲ್ಲ ಆಟೊಮೇಷನ್ ಟೂಲ್ ಆ ಪಟ್ಟಿಯಂತೆ ತಾನೇ ಪ್ಯಾಕೇಜ್ ಹಾಕುತ್ತಿತ್ತು. ಪಟ್ಟಿಯೇ ಕೆಟ್ಟಿದ್ದರೆ ಎಂದು ನಾಗಲಕ್ಷ್ಮಿ ಕೇಳಿದಳು.

"ನಾನೇ ನೋಡಿದೀನಿ ಮೇಡಂ, ಸರಿಯಾಗಿದೆ," ಎಂದ ಉಮೇಶ್.

ನಾಗಲಕ್ಷ್ಮಿ ಸ್ಪೀಕರ್ ಹಾಕಿ ಸಿಂಗಾಪುರಕ್ಕೆ ಫೋನ್ ಮಾಡಿದಳು. ಶಾಖೆ ನೋಡಿಕೊಳ್ಳುವ ಅಂಜಿನಮ್ಮ ಎತ್ತಿದಳು. ಕರೆಂಟ್ ಬಂತಾ ಎಂದು ನಾಗಲಕ್ಷ್ಮಿ ಕೇಳಿದಳು.

"ಆಗ್ಲೇ ಬಂತು ಕಣಮ್ಮ. ಉಮೇಶಪ್ಪನೋರು ಪೋನ್ ಮಾಡಿ, ಸರ್ವರ್ ಆನ್ ಮಾಡ್ಬೇಡ, ಇಂಗೇ ಇರ್ಲಿ ಅಂದ್ರು."

ನಾಗಲಕ್ಷ್ಮಿ ಉಮೇಶನ ಕಡೆ ತಿರುಗಿದಳು.

"ವೇದಾ ಕೈಯಾರೆ ಹಾಕಿದ್ರೆ ಸಿಂಗಾಪುರದ ಬಗ್ಗೆ ನಿಮಗ್ಯಾಕೆ ಭಯ? ಅವಳು ಇಲ್ಲೇ ಕೂತಿದಾಳೆ, ಲಾಗಿನ್ನೂ ಕಿತ್ಕೊಂಡಿದೀರ. ಆನ್ ಮಾಡಿದ್ರೆ ಅದೂ ಸಾಯುತ್ತೆ ಅಂತ ಯಾರಿಗೆ ಗೊತ್ತಿರುತ್ತೆ? ಪಟ್ಟಿ ಕೆಡಿಸಿದವರಿಗೆ."

ಪಟ್ಟಿ ತೆರೆದಳು. ಆವೃತ್ತಿಯ ನಂಬರ್ ಇರಬೇಕಾದ ಕಡೆ 'ಯಾವುದು ಹೊಸದೋ ಅದು' ಎಂಬ ಆದೇಶ. ತಿದ್ದಿದವರ ಹೆಸರು — ಉಮೇಶ್, ಮೊನ್ನೆ ಮಧ್ಯಾಹ್ನ.

ಅವನು ತಲೆ ತಗ್ಗಿಸಿದ. ತಿಂಗಳು ತಿಂಗಳೂ ನಂಬರ್ ತಿದ್ದುವ ರಗಳೆ ತಪ್ಪಿ ಕೆಲಸ ಸುಧಾರಿಸಲಿ ಎಂದು ಮಾಡಿದ್ದನಂತೆ. ಪ್ಯಾಕೇಜ್ ತಯಾರಿಸುವವರು ನಿನ್ನೆ ರಾತ್ರಿಯೇ ಬಿಟ್ಟ ದೋಷವಿದ್ದ ಹೊಸದು, ಆನ್ ಇದ್ದ ಹತ್ತಕ್ಕೂ ತಾನೇ ಹೋಗಿ ಕೂತಿತ್ತು.

"ಪಟ್ಟಿ ಕೆಡಿಸಿದ್ದು ತಪ್ಪು, ಯಾರಿಗಾದ್ರೂ ಆಗುತ್ತೆ. ಈ ಹುಡುಗಿ ಕೈಗೆ ಪೆನ್ನು ಕೊಟ್ರಲ್ಲ, ಅದಕ್ಕೇನಂತ ಹೇಳ್ಲಿ?"

ನಾಗಲಕ್ಷ್ಮಿ ತನ್ನ ಲಾಗಿನ್ನಿನಲ್ಲಿ ಪಟ್ಟಿ ತೆರೆದಿದ್ದ ಸ್ಕ್ರೀನನ್ನು ವೇದಾಳ ಕಡೆ ತಿರುಗಿಸಿದಳು.

ವೇದಾ ಹಳೇ ನಂಬರನ್ನು ಪಟ್ಟಿಗೆ ಮತ್ತೆ ಸೇರಿಸಿದಳು. ಕೆಳಗೆ ಇನ್ನೊಂದು ಸಾಲು ಹಾಕಿದಳು: ಹೊಸದೇನೇ ಬಂದರೂ ಮೊದಲು ಒಂದೇ ಸರ್ವರಿಗೆ, ಪರೀಕ್ಷೆಯಾದ ಮೇಲೇ ಉಳಿದವಕ್ಕೆ.

"ಈಗ ಆನ್ ಮಾಡಿ ಅಂಜಿನಮ್ಮ," ಎಂದಳು ನಾಗಲಕ್ಷ್ಮಿ.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಪ್ರಿಂಟರಿನ ಸದ್ದು ಕೇಳಿತು.

ವೇದಾ ರಾಜೀನಾಮೆ ಪತ್ರವನ್ನು ಮಗುಚಿ, ಹಿಂಬದಿಯಲ್ಲಿ ಆ ಹಳೇ ನಂಬರನ್ನು ದಪ್ಪಗೆ ಬರೆದು, ಉಮೇಶನ ಮುಂದಿಟ್ಟು ಉಳಿದ ಹತ್ತು ಸರ್ವರುಗಳ ಕೆಲಸಕ್ಕೆ ಕೂತಳು.